ಮುಂಗೈ ಮೇಲಿನ ಕೆಂಪು ಗುಳ್ಳೆಗಳು

ಎರಡನೆಯ ಬಸಿರೂ ಇಳಿದುಹೋಗಿ ಹದಿನೆಂಟು ದಿನವಾಗಿತ್ತು. ಇನ್ನೊಂದು ವಾರ ಮನೆಯಲ್ಲಿದ್ದು ಸುಧಾರಿಸಿಕೊ ಎಂದು ಅತ್ತೆ ಹೇಳಿದರೂ ಕೇಳದೆ ಕಾಲೇಜಿಗೆ ಹೊರಟುಬಿಟ್ಟೆ. ಮನೆಯಲ್ಲಿ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅರಕಲಗೂಡಿನ ಆ ಮನೆಯಲ್ಲಿ ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬೀದಿಬಾಗಿಲಿಗೆ ದಿನಕ್ಕೆ ಎಷ್ಟು ಸಲ ಓಡಾಡುತ್ತಿದ್ದೆನೋ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ಬಸ್ಸಾದರೆ ವಾಸಿ. ನಾನು ಕೂತಿದ್ದರೂ ಅದು ಓಡುತ್ತಿರುತ್ತದೆ.

ಅದು ತೊಂಬತ್ತರ ದಶಕದ ನಡುಭಾಗ. ನಾನು ಹೊಳೆನರಸೀಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ನನ್ನ ಗಂಡ ಮಲ್ಲಿಪಟ್ಟಣದಲ್ಲಿ ದನದ ಡಾಕ್ಟರು. ಅವನು ನನ್ನ ಸೋದರಮಾವನ ಮಗನೇ. ಚಿಕ್ಕಂದಿನಿಂದ ಹೋಗೋ ಬಾರೋ ಎಂದು ಕರೆದು ಅಭ್ಯಾಸವಾಗಿ, ಮದುವೆಯಾದ ಮೇಲೂ ಬಹುವಚನ ನಾಲಿಗೆಗೆ ಬರಲಿಲ್ಲ. ಬೆಳಿಗ್ಗೆ ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ಹೋಗಿ, ಅವನು ಪಡುವಲ ಕಡೆಯ ಬಸ್ಸು ಹತ್ತುತ್ತಿದ್ದ, ನಾನು ಮೂಡಲ ಕಡೆಯದು.

ಆ ದಿನದ ಪಾಠ ಚರ್ಮದ ಕಸಿ. ಸುಟ್ಟ ಗಾಯದ ಮೇಲೆ ಬೇರೊಬ್ಬರ ಚರ್ಮವನ್ನು ಕೂರಿಸಿದರೆ ಕೆಲವೇ ದಿನಗಳಲ್ಲಿ ಅದು ಕಪ್ಪಾಗಿ ಉದುರಿಹೋಗುತ್ತದೆ. ಯಾಕೆಂದರೆ ಪ್ರತಿಯೊಬ್ಬರ ಜೀವಕೋಶದ ಮೇಲೂ ಅವರದೇ ಆದ ಒಂದು ಗುರುತಿರುತ್ತದೆ. ಈ ಗುರುತು ನಮ್ಮದಲ್ಲ ಎಂದು ಗೊತ್ತಾದ ಕೂಡಲೇ ರಕ್ತದ ಬಿಳಿಕಣಗಳು ಬಂದು ಮುತ್ತಿಕೊಂಡು ಆ ಕೋಶವನ್ನು ಕೊಲ್ಲುತ್ತವೆ. ಇಷ್ಟನ್ನು ಹೇಳಿ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹಳ್ಳಿಮೈಸೂರು ಕಡೆಯ ರೈತರ ಮನೆಯವಳು, ಪ್ರಶ್ನೆ ಕೇಳುವ ಅಭ್ಯಾಸವಿದ್ದವಳು.

"ಮೇಡಂ, ಮಗೂನಲ್ಲಿ ಅರ್ಧ ಅಪ್ಪಂದು ಅಂತ ಓದಿದ್ವಲ್ಲ. ಆ ಅರ್ಧ ತಾಯಿ ಮೈಗೆ ಬೇರೆಯೋರ್ದು ತಾನೆ? ಮತ್ತೆ ಒಂಬತ್ತು ತಿಂಗಳು ಮೈ ಯಾಕೆ ಸುಮ್ನಿರ್ತದೆ?"

ನನ್ನ ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. "ಅದು ಈ ಪಾಠದಲ್ಲಿಲ್ಲ. ಕೂತ್ಕೊ," ಎಂದೆ.

ಅವಳು ಕೂತಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ನಾನು ಮಾತ್ರ ಪಾಠ ಮುಂದುವರಿಸಲು ಆಗದೆ, ಚಿತ್ರ ಬರೆದುಕೊಳ್ಳಿ ಎಂದು ಹೇಳಿ ಕಿಟಕಿಯ ಬಳಿ ನಿಂತೆ. ಮೈ ಸುಮ್ಮನಿರುತ್ತದೆ ಎಂದು ಇವಳಿಗೆ ಯಾರು ಹೇಳಿದರು? ನನ್ನದು ಎರಡು ಸಲವೂ ಸುಮ್ಮನಿರಲಿಲ್ಲ. ಒಮ್ಮೆ ಹತ್ತು ವಾರಕ್ಕೆ, ಇನ್ನೊಮ್ಮೆ ಹನ್ನೊಂದಕ್ಕೆ.

ಮುಂದಿನ ಎರಡು ಶನಿವಾರ ಮಧ್ಯಾಹ್ನದ ಕ್ಲಾಸು ಮುಗಿಸಿಕೊಂಡು ಹಾಸನಕ್ಕೆ ಹೋದೆ. ಅಲ್ಲಿನ ಕಾಲೇಜೊಂದರ ಲೈಬ್ರರಿಯಲ್ಲಿ ಗೊತ್ತಿದ್ದವರೊಬ್ಬರು ಕೂರಲು ಬಿಟ್ಟರು. ದಪ್ಪ ಪುಸ್ತಕಗಳಲ್ಲೂ ನನಗೆ ಬೇಕಾದದ್ದು ಎರಡೇ ಸಾಲು. ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ಮಾಸು ಒಂದು ಗೋಡೆಯ ಹಾಗೆ ಇರುತ್ತದೆ, ಎರಡೂ ಬೆರೆಯುವುದಿಲ್ಲ ಎಂದು. ಗೋಡೆ ಇದ್ದರೆ ಸರಿ. ಆದರೆ ಆ ಗೋಡೆಯನ್ನು ಕಟ್ಟುವ ಕೋಶಗಳೂ ಮಗುವಿನ ಕಡೆಯವೇ. ಅವುಗಳಲ್ಲೂ ಅರ್ಧ ಅಪ್ಪನ ಗುರುತು. ಹಾಗಾದರೆ ಗೋಡೆಯನ್ನೇ ತಾಯಿಯ ಮೈ ಯಾಕೆ ಕೆಡವುವುದಿಲ್ಲ? ಪುಸ್ತಕ ಮುಚ್ಚಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸು ಬರುವವರೆಗೂ ಪ್ಲಾಟ್‌ಫಾರಂ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದೆ.

ಒಂದು ಭಾನುವಾರ ಗಂಡನ ಜೊತೆ ಮಲ್ಲಿಪಟ್ಟಣಕ್ಕೆ ಹೋಗಿದ್ದೆ. ಪಕ್ಕದ ಹಳ್ಳಿಯಲ್ಲಿ ಹಸುವೊಂದು ಕರು ಹಾಕಿ ಎರಡು ದಿನವಾಗಿದ್ದರೂ ಮಾಸು ಬಿದ್ದಿರಲಿಲ್ಲ. ಕೊಟ್ಟಿಗೆಯಲ್ಲಿ ಹಸು ತಲೆ ತಗ್ಗಿಸಿ ನಿಂತಿತ್ತು. ಹಿಂದೆ ಕಂದು ಬಣ್ಣದ ಪೊರೆ ಜೋತಾಡುತ್ತಿತ್ತು. ಗಂಡ ಉದ್ದನೆಯ ಗ್ಲೌಸು ಹಾಕಿಕೊಂಡು ಕೈ ಒಳಗೆ ಹಾಕಿದ. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಮನೆಯ ಹೆಂಗಸು ಬಿಸಿನೀರು ತಂದಿಟ್ಟು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಯಾಕವ್ವ ಅಂಗ್ ನಿಂತಿದ್ದೀಯ? ಕರಾ ಬದುಕೈತೆ. ಮಾಸು ತಾನೆ, ಇವತ್ತಲ್ದಿದ್ರೆ ನಾಳೆ ಬೀಳ್ತದೆ ಬುಡು."

ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ನಾನು ತಲೆಯಾಡಿಸಿದೆ. ಆಮೇಲೆ ಕೆರೆ ಏರಿಯ ಮೇಲೆ ಬರುವಾಗ ಗಂಡನನ್ನು ಕೇಳಿದೆ, "ಮಾಸು ಅನ್ನೋದು ಗೋಡೆನೇನೋ?"

"ಯಾರು ಹೇಳಿದ್ದು?"

"ಪುಸ್ತಕದಲ್ಲಿದೆ."

"ಹಸುವಿನಲ್ಲಿ ಬೇಕಾದ್ರೆ ಅನ್ನು. ಅಲ್ಲಿ ಅದು ಮೇಲೆ ಮೇಲೆ ಅಂಟಿಕೊಂಡಿರತ್ತೆ, ಬಟ್ಟೆಗೆ ಗುಂಡಿ ಹಾಕಿದ ಹಾಗೆ. ಒಂದೊಂದೇ ಗುಂಡಿ ಬಿಚ್ಚಿದರೆ ಬಂತು. ಮನುಷ್ಯರಲ್ಲಿ ಹಾಗಲ್ಲ ಕಣೇ. ಒಳಕ್ಕೆ ಕೊರಕೊಂಡು ಹೋಗತ್ತೆ. ತಾಯಿಯ ರಕ್ತನಾಳಕ್ಕೇ ನುಗ್ಗಿ ಅದನ್ನ ಅಗಲ ಮಾಡ್ಕೊಳತ್ತೆ. ಇಲ್ಲದಿದ್ರೆ ಮಗುವಿಗೆ ರಕ್ತ ಸಾಲಲ್ಲ."

"ಅಷ್ಟು ಒಳಗೆ ಬಂದ್ರೂ ತಾಯಿ ಮೈ ಬಿಡತ್ತಾ?"

"ಬಿಡತ್ತೋ ಇಲ್ಲವೋ, ಬಿಡದೇ ಇದ್ದಿದ್ರೆ ನಾವ್ಯಾರೂ ಇರ್ತಿರಲಿಲ್ಲ. ಹೇಗೆ ಅಂತ ನನ್ನ ಕೇಳಬೇಡ. ನಾನು ದನದ ಡಾಕ್ಟರು."

ಆ ವರ್ಷವೇ ಹಾಸನದ ನರ್ಸಿಂಗ್ ಹೋಮೊಂದಕ್ಕೆ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರೊಬ್ಬರ ಹತ್ತಿರ ಹೋದೆವು. ವಯಸ್ಸಾದವರು, ಮೆತ್ತನೆಯ ದನಿ. ನನ್ನ ಪ್ರಶ್ನೆಯನ್ನು ತಳ್ಳಿಹಾಕದೆ ಕೇಳಿಸಿಕೊಂಡ ಮೊದಲನೆಯ ವ್ಯಕ್ತಿ ಅವರೇ. ಒಂದು ಹಾಳೆಯ ಮೇಲೆ ಎರಡು ವೃತ್ತ ಬರೆದು ವಿವರಿಸಿದರು. ತಾಯಿಯ ಮೈ ಮಗುವನ್ನು ಗಮನಿಸದೇ ಇರುವುದರಿಂದ ಬಸಿರು ನಿಲ್ಲುವುದಲ್ಲ. ಇದು ಹೊರಗಿನದು ಎಂದು ಗಮನಿಸಿ, ಆಮೇಲೆ ಅದರ ಸುತ್ತ ಒಂದು ರಕ್ಷಣೆಯನ್ನು ಅದೇ ಕಟ್ಟಿಕೊಡುತ್ತದೆ. ಗಂಡ ಹೆಂಡತಿ ಹತ್ತಿರದ ಸಂಬಂಧವಾದರೆ ಇಬ್ಬರ ಗುರುತೂ ಬಹುಪಾಲು ಒಂದೇ. ತಾಯಿಯ ಮೈಗೆ ಹೊಸದೇನೂ ಕಾಣುವುದಿಲ್ಲ, ರಕ್ಷಣೆಯೂ ಏಳುವುದಿಲ್ಲ. ಅದಕ್ಕೆ ಗಂಡನ ರಕ್ತ ತೆಗೆದು, ಅದರಲ್ಲಿನ ಬಿಳಿಕಣಗಳನ್ನು ಬೇರ್ಪಡಿಸಿ, ಹೆಂಡತಿಯ ಚರ್ಮದ ಅಡಿಗೆ ಚುಚ್ಚುತ್ತೇವೆ. ಮೈಗೆ ಪರಿಚಯವಾಗಲಿ ಎಂದು.

ನನಗೆ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಎಂದರೆ, ಒಂದು ಕ್ಷಣವೂ ಅನುಮಾನ ಬರಲಿಲ್ಲ. ಗಂಡ ಹೊರಗೆ ಬಂದು, "ಒಂದು ಹಸುವಿಗಾದರೂ ಇದನ್ನ ಮಾಡಿದ್ದು ನಾನು ಓದಿಲ್ಲ," ಎಂದ. "ನಾನು ಹಸುವಲ್ಲ," ಎಂದೆ. ಅವನು ಅಂಗಿಯ ತೋಳು ಮಡಿಸಿ ರಕ್ತ ಕೊಟ್ಟ.

ಎಡ ಮುಂಗೈಯ ಒಳಭಾಗದಲ್ಲಿ ಐದು ಕಡೆ ಚುಚ್ಚಿದರು. ಮರುದಿನಕ್ಕೆ ಐದೂ ಕಡೆ ಕೆಂಪು ಗುಳ್ಳೆಗಳೆದ್ದು ಸುತ್ತ ಉಂಗುರದಂತೆ ಊದಿಕೊಂಡವು. ತುರಿಕೆ ಎಂದರೆ ತುರಿಕೆ. ಬಸ್ಸಿನಲ್ಲಿ ಸೆರಗಿನಡಿ ಕೈ ಮುಚ್ಚಿಕೊಂಡು ಕೆರೆದುಕೊಳ್ಳುತ್ತಿದ್ದೆ. ಪಾಠದ ನಡುವೆ ಮೇಜಿನ ಅಂಚಿಗೆ ಕೈ ಉಜ್ಜುತ್ತಿದ್ದೆ. ಸೊಳ್ಳೆ ಕಡಿತವೇ ಎಂದು ಸಹೋದ್ಯೋಗಿಗಳು ಕೇಳಿದರು. ಅತ್ತೆ ಕೊಬ್ಬರಿ ಎಣ್ಣೆ ಸವರುತ್ತಾ, "ನಮ್ಮ ಮನೇದೇ ರಕ್ತ, ನಿನಗೆ ಅದೂ ಆಗಿ ಬರಲಿಲ್ಲವಲ್ಲೇ," ಎಂದರು. ಅವರು ನೋಯಿಸಬೇಕೆಂದು ಹೇಳಿದ್ದಲ್ಲ. ಆದರೂ ನಾನು ಕೈ ಎಳೆದುಕೊಂಡು ಹಿತ್ತಲಿಗೆ ಹೋದೆ. ತುರಿಕೆ ಹೆಚ್ಚಾದಷ್ಟೂ ಒಳಗೊಳಗೇ ಸಂತೋಷವಾಗುತ್ತಿತ್ತು. ಮೈ ಗಮನಿಸುತ್ತಿದೆ ಎಂದುಕೊಳ್ಳುತ್ತಿದ್ದೆ. ಮೂರು ಸಲ ಹಾಗೆ ಚುಚ್ಚಿಸಿಕೊಂಡೆ.

ಮೂರನೆಯ ಬಸಿರು ನಿಂತಿತು. ಹತ್ತನೆಯ ವಾರ, ಹನ್ನೊಂದನೆಯ ವಾರ ದಾಟಿತು. ಆ ದಿನಗಳಲ್ಲಿ ಗಂಟೆಗೊಮ್ಮೆ ಬಚ್ಚಲಿಗೆ ಹೋಗಿ ರಕ್ತ ಕಾಣಿಸಿದೆಯೇ ಎಂದು ನೋಡಿಕೊಂಡು ಬರುತ್ತಿದ್ದೆ. ಮಲಗಿರಬೇಕು ಎಂದು ಡಾಕ್ಟರು ಹೇಳಿದ್ದರು. ಮಲಗಿದರೆ ಹೊಟ್ಟೆಯಲ್ಲಿ ಏನೋ ಜಗ್ಗಿದಂತೆ, ಎದ್ದರೆ ಜಾರಿದಂತೆ. ಗೋಡೆ ಹಿಡಿದು ನಿಧಾನವಾಗಿ ನಡುಮನೆಯನ್ನು ಸುತ್ತುತ್ತಿದ್ದೆ. ಗಂಡ ನಗಲು ನೋಡಿ, ಆಗದೆ, ತಾನೂ ಜೊತೆಯಲ್ಲಿ ಸುತ್ತುತ್ತಿದ್ದ. ಒಂಬತ್ತು ತಿಂಗಳು ತುಂಬಿ ಹಾಸನದಲ್ಲಿ ಮಗಳು ಹುಟ್ಟಿದಳು.

ಆಮೇಲೆ ನಾನು ಆ ಇಂಜೆಕ್ಷನ್ನಿನ ಪ್ರಚಾರಕಳೇ ಆಗಿಬಿಟ್ಟೆ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ಬಸಿರು ನಿಲ್ಲುತ್ತಿಲ್ಲ ಎಂದು ಕಿವಿಗೆ ಬಿದ್ದರೆ ಸಾಕು, ಮುಂಗೈ ತೋರಿಸಿ ಕಥೆ ಹೇಳುತ್ತಿದ್ದೆ. ಜೀವಶಾಸ್ತ್ರದ ಮೇಡಂ ಹೇಳುತ್ತಿದ್ದಾರೆ ಎಂದರೆ ಜನ ನಂಬುತ್ತಿದ್ದರು. ತರಗತಿಯಲ್ಲೂ ಚರ್ಮದ ಕಸಿಯ ಪಾಠ ಬಂದಾಗ, ಯಾರೂ ಕೇಳದಿದ್ದರೂ, ಎರಡು ವೃತ್ತ ಬರೆದು ವಿವರಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅದೇ ಸುಮಾರಿಗೆ ಗಂಡನಿಗೂ ಅತ್ತ ಕಡೆ ಸಿಕ್ಕಿ, ಅತ್ತೆಯನ್ನೂ ಕರೆದುಕೊಂಡು ಅಲ್ಲೇ ಮನೆ ಮಾಡಿದೆವು. ಒಂದು ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಎಳನೀರಿನ ಗೊನೆ, ಹಿಂದೆ ಎತ್ತರದ ಗಂಡಸು.

"ಗುರುತು ಸಿಕ್ತಾ ಮೇಡಂ? ನರಸೀಪುರದಲ್ಲಿ ನಿಮ್ಮ ಸ್ಟೂಡೆಂಟು."

ಗುರುತು ಸಿಗದೇ ಇರುತ್ತದೆಯೇ. ಎರಡನೆಯ ಬೆಂಚಿನ ಆ ಹುಡುಗಿ. ಪಿಯುಸಿ ಆದ ಮೇಲೆ ಓದು ನಿಂತು ಬಾಗೂರಿಗೆ ಮದುವೆಯಾಗಿತ್ತು. ಗಂಡ ತೆಂಗು, ರಾಗಿ ಬೆಳೆಯುವವನು. ಅವನು ಒಳಗೆ ಬಾರದೆ ಜಗುಲಿಯಲ್ಲೇ ಕೂತ. ಅವಳು ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, ಕಾಫಿ ಕಾಯುವಷ್ಟರಲ್ಲಿ ಎಲ್ಲವನ್ನೂ ಹೇಳಿದಳು. ಎರಡು ಸಲ ಹೋಗಿದೆ. ಮೊದಲನೆಯದು ಮೂರು ತಿಂಗಳಿಗೆ, ಎರಡನೆಯದು ನಾಲ್ಕು ತುಂಬಿದ ಮೇಲೆ.

"ನೀವು ಯಾರಿಗೋ ಇಂಜೆಕ್ಷನ್ ಹೇಳಿದ್ರಂತೆ. ನಿಂತ್ಕತಂತೆ ಅವರಿಗೆ."

ನಾನು ಒಲೆ ಆರಿಸಿ ಮುಂಗೈ ತೋರಿಸಿದೆ. "ನೋಡು, ಇಲ್ಲೇ ಚುಚ್ಚಿದ್ದು."

ಮುಂದಿನ ವಾರ ನಾನೇ ರಜೆ ಹಾಕಿ ಅವರಿಬ್ಬರನ್ನೂ ಹಾಸನಕ್ಕೆ ಕರೆದುಕೊಂಡು ಹೋದೆ. ಅದೇ ಡಾಕ್ಟರು, ಅವೇ ಎರಡು ವೃತ್ತಗಳು. ವಿವರಣೆಯ ನಡುವೆ ಅವಳು ಕೇಳಿದಳು, "ನಾವು ಸಂಬಂಧದೋರಲ್ಲ ಸಾ. ಹೊರಗ್ನೋರು. ನಮಗೂ ಅಂಗೇ ಆಗ್ತದಾ?"

"ಕೆಲವರಲ್ಲಿ ಹಾಗೂ ಆಗುತ್ತದಮ್ಮ," ಎಂದರು ಡಾಕ್ಟರು.

ನಾನು ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷವಾದರೂ ಮರೆಯಲಾಗದ್ದು ಆ ತಲೆಯಾಡಿಸಿದ್ದು. ಸಂಬಂಧಿಗಳಾದ್ದರಿಂದ ಹೀಗೆ ಎಂದು ಹೇಳಿ ನನಗೆ ಚುಚ್ಚಿದರು. ಸಂಬಂಧವಿಲ್ಲದವರಿಗೂ ಅದೇ ಮದ್ದು. ಎಲ್ಲದಕ್ಕೂ ಸರಿಹೋಗುವ ವಿವರಣೆ ವಿವರಣೆಯೇ ಅಲ್ಲ ಎಂದು ಮಕ್ಕಳಿಗೆ ನಾನೇ ಪಾಠ ಹೇಳುತ್ತಿದ್ದವಳು. ಅವಳ ಗಂಡ ಸೂಜಿ ನೋಡಿ ಬೆವತು, ರಕ್ತ ತೆಗೆಯುವಾಗ ಕಣ್ಣು ಮುಚ್ಚಿಕೊಂಡ. ಅವಳ ಮುಂಗೈಯಲ್ಲೂ ಐದು ಗುಳ್ಳೆಗಳೆದ್ದವು.

ಅವಳ ಮೂರನೆಯ ಬಸಿರು ಐದನೆಯ ತಿಂಗಳಿಗೆ ಹೋಯಿತು. ನನಗೆ ತಿಳಿದದ್ದು ಬಾಗೂರಿನಿಂದ ಕಾಲೇಜಿಗೆ ಬರುತ್ತಿದ್ದ ಹುಡುಗಿಯಿಂದ. "ನಮ್ಮೂರ ಆ ಅಕ್ಕಂಗೆ ಈ ಸರ್ತೀನೂ ನಿಲ್ಲಲಿಲ್ಲ ಮೇಡಂ," ಎಂದಳು. ಅದು ಜ್ಯೇಷ್ಠಮಾಸ. ನಾನು ನೋಡಲು ಹೋಗಬೇಕಿತ್ತು. ಹೋಗಲಿಲ್ಲ. ಪರೀಕ್ಷೆ ಪೇಪರು ಎಂದು ಒಂದು ವಾರ, ಮಗಳಿಗೆ ಜ್ವರ ಎಂದು ಒಂದು ವಾರ. ಬಾಗೂರು ಬಸ್ಸಿನ ಬೋರ್ಡು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ರಾಗಿ ಕಟಾವಿನ ಕಾಲ ಬಂದರೂ ಹೋಗಲಿಲ್ಲ.

ಆ ಚಳಿಗಾಲದಲ್ಲಿ ಹಾಸನದಲ್ಲಿ ಜೀವಶಾಸ್ತ್ರದ ಉಪನ್ಯಾಸಕರಿಗೆ ಮೂರು ದಿನದ ತರಬೇತಿ ಇತ್ತು. ಎರಡನೆಯ ದಿನ ಬೆಳಿಗ್ಗೆ ಮಾತಾಡಿದವಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಿಷಯ ಗರ್ಭ ಮತ್ತು ರೋಗನಿರೋಧ ವ್ಯವಸ್ಥೆ. ನಾನು ಹಿಂದಿನ ಸಾಲಿನಲ್ಲಿ, ಹೊರಗೆ ಎದ್ದುಹೋಗಲು ಅನುಕೂಲವಾಗಲಿ ಎಂದು, ಬಾಗಿಲ ಪಕ್ಕ ಕೂತಿದ್ದೆ. ಎದ್ದುಹೋಗಲಿಲ್ಲ.

ಅವಳು ಹೇಳಿದ್ದು ಸರಳವಾಗಿತ್ತು. ಮಾಸಿನಿಂದ ಹೊರಟು ತಾಯಿಯ ಗರ್ಭಕೋಶದೊಳಗೆ ಕೊರೆದುಕೊಂಡು ಹೋಗುವ ಕೋಶಗಳು, ಮೈಯ ಬೇರೆ ಕೋಶಗಳು ಹೊತ್ತಿರುವ ಮುಖ್ಯ ಗುರುತುಗಳನ್ನು ಬಹಳ ಮಟ್ಟಿಗೆ ತೆಗೆದಿಟ್ಟಿರುತ್ತವೆ. ಅಪ್ಪನದು ಎಂದು ಹಿಡಿದು ಹೊಡೆಯಲು ಬೇಕಾದ ಗುರುತೇ ಅಲ್ಲಿಲ್ಲ. ಗುರುತೇ ಇಲ್ಲದ ಕೋಶವನ್ನು ಕಂಡರೆ ಕೊಲ್ಲುವ ಇನ್ನೊಂದು ಜಾತಿಯ ಬಿಳಿಕಣಗಳಿವೆ. ಅವುಗಳ ಹೆಸರಿನಲ್ಲೇ ಕೊಲೆಗಾರ ಎಂದಿದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ತುಂಬ ಅವೇ ತುಂಬಿಕೊಂಡಿರುತ್ತವೆ. ಅವುಗಳಿಗೆ ತೋರಿಸಲೆಂದೇ ಮಾಸಿನ ಕೋಶಗಳು ಬೇರೆಯದೇ ಒಂದು ಅಪರೂಪದ ಗುರುತನ್ನು ಹೊತ್ತಿರುತ್ತವೆ. ಅದನ್ನು ಕಂಡ ಕೊಲೆಗಾರ ಕಣಗಳು ಕೊಲ್ಲುವುದಿಲ್ಲ. ಬದಲಿಗೆ ರಕ್ತನಾಳ ಅಗಲವಾಗಲು ಬೇಕಾದ ವಸ್ತುಗಳನ್ನು ಸುರಿಸಿ ನೆರವಾಗುತ್ತವೆ. ಎಷ್ಟು ಆಳಕ್ಕೆ ಬರಬಹುದು ಎಂಬುದನ್ನೂ ಅವು ಹತೋಟಿಯಲ್ಲಿಡುತ್ತವೆ ಎಂದು ಕಾಣುತ್ತದೆ. ಆಳ ಸಾಲದಿದ್ದರೆ ರಕ್ತ ಸಾಲದೆ ಮಗು ಸೊರಗುತ್ತದೆ, ತಾಯಿಗೆ ಬಿಪಿ ಏರುತ್ತದೆ. ಹೆಚ್ಚಾದರೆ ಮಾಸು ಬಿಡುವುದೇ ಇಲ್ಲ. "ಇದು ಯುದ್ಧವೂ ಅಲ್ಲ, ನಿದ್ದೆಯೂ ಅಲ್ಲ," ಎಂದಳು. "ದಿನವೂ ನಡೆಯುವ ಮಾತುಕತೆ. ಇನ್ನೂ ನಮಗೆ ಪೂರ್ತಿ ಗೊತ್ತಿಲ್ಲ."

ನಾನು ಎದ್ದು ನಿಂತೆ. "ಗಂಡನ ಬಿಳಿಕಣಗಳನ್ನು ಹೆಂಡತಿಗೆ ಚುಚ್ಚುತ್ತಾರಲ್ಲ, ಅದು?"

ಅವಳು ತಡವರಿಸಲಿಲ್ಲ. "ಅದನ್ನು ಬಹಳ ಕಡೆ ಕೈಬಿಟ್ಟಿದ್ದಾರೆ ಮೇಡಂ. ಸರಿಯಾಗಿ ಹೋಲಿಸಿ ನೋಡಿದಾಗ ಚುಚ್ಚಿಸಿಕೊಂಡವರಿಗೆ ಏನೂ ಅನುಕೂಲ ಕಾಣಲಿಲ್ಲ."

"ಚುಚ್ಚಿಸಿಕೊಂಡ ಮೇಲೆ ಮಗುವಾದವರಿದ್ದಾರೆ."

"ಇರ್ತಾರೆ. ಎರಡು ಸಲ ಹೋದವರಲ್ಲೂ ಹೆಚ್ಚಿನವರಿಗೆ ಮೂರನೆಯ ಸಲ ತಾನಾಗಿಯೇ ನಿಲ್ಲುತ್ತದೆ. ಯಾವುದರಿಂದ ನಿಂತಿತು ಅಂತ ಒಬ್ಬರನ್ನು ನೋಡಿ ಹೇಳೋಕಾಗಲ್ಲ."

ಟೀ ಬಿಡುವಿನಲ್ಲಿ ಅವಳನ್ನು ಹುಡುಕಿಕೊಂಡು ಹೋಗಿ ಬಾಗೂರಿನವಳ ವಿಷಯ ಹೇಳಿದೆ. ತಾನು ಡಾಕ್ಟರಲ್ಲ ಎಂದು ಮೊದಲೇ ಹೇಳಿ, ಅವಳು ಒಂದು ಮಾತು ಕೇಳಿದಳು. ರಕ್ತ ಬೇಗ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿದ್ದಾರೆಯೇ? ಕೆಲವರ ಮೈ ತನ್ನ ವಿರುದ್ಧವೇ ಒಂದು ಬಗೆಯ ಪ್ರತಿಕಾಯಗಳನ್ನು ಮಾಡಿಕೊಂಡಿರುತ್ತದೆ. ಅವು ಮಾಸಿನ ಕೋಶಗಳನ್ನು ಕೆಡಿಸುತ್ತವೆ, ಅಲ್ಲಿನ ರಕ್ತ ಗಂಟುಕಟ್ಟುತ್ತದೆ. ಅದಕ್ಕೆ ಮದ್ದಿದೆ. ನಾಲ್ಕು ಐದು ತಿಂಗಳಿಗೆ ಹೋಗುವವರಲ್ಲಿ ಇದನ್ನು ನೋಡಲೇಬೇಕು.

ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ. ಚನ್ನರಾಯಪಟ್ಟಣದಲ್ಲಿ ಇಳಿದು, ಮನೆಗೆ ಹೋಗದೆ, ಬಾಗೂರು ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ವಾಕ್ಯ ಜೋಡಿಸುತ್ತಿದ್ದೆ, ಕೆಡಿಸುತ್ತಿದ್ದೆ. ನನ್ನ ಮಗಳ ಮುಖವೂ ನಡುವೆ ನಡುವೆ ಬರುತ್ತಿತ್ತು. ಅವಳು ತಾನಾಗಿಯೇ ಬಂದವಳು ಎಂದು ಸಮಾಧಾನಪಡಬೇಕೋ, ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದಕ್ಕೆ ನಾಚಬೇಕೋ ತಿಳಿಯಲಿಲ್ಲ.

ಬಾಗೂರಿನಲ್ಲಿ ಅವಳು ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ಅವಳ ಅತ್ತೆ ಜಗುಲಿಯ ಮೇಲೆ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದರು. ನಾನು ನಿಂತೇ ಹೇಳಿದೆ. ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಮರೆತಿದ್ದವು.

"ನಿನ್ನನ್ನ ಕರಕೊಂಡು ಹೋಗಿ ಕೊಡಿಸಿದ ಇಂಜೆಕ್ಷನ್ನು ಪ್ರಯೋಜನ ಇಲ್ಲದ್ದು. ಇವತ್ತು ಗೊತ್ತಾಯ್ತು. ನಾನು ತಿಳೀದೆ ಹೇಳಿದೆ. ತಿಳಿದವಳ ಹಾಗೆ ಹೇಳಿದೆ."

ಅವಳು ಮೊರ ನಿಲ್ಲಿಸಲಿಲ್ಲ. ಹೊಟ್ಟು ಗಾಳಿಗೆ ಹಾರಿ ನನ್ನ ಸೀರೆಯ ಮೇಲೆ ಬಿತ್ತು.

"ಬೇಕು ಅಂತ ಹೇಳಿದ್ರಾ ಮೇಡಂ?"

"ಇಲ್ಲ."

"ಮತ್ತೆ ಅದು ಬುಡಿ. ಇವತ್ತು ಗೊತ್ತಾಯ್ತು ಅಂತೀರ. ಮಗ ಓಗಿದ್ದು ಜ್ಯೇಷ್ಠದಲ್ಲಿ. ಅವತ್ತಿಂದ ಇವತ್ತಿನವರೆಗೆ ಯಾಕ್ ಬರ್ಲಿಲ್ಲ ನೀವು?"

"ಹೆದರಿಕೆಯಾಯ್ತು," ಎಂದೆ. ಅವಳ ಅತ್ತೆ ಕಡ್ಡಿ ಸೀಳುವುದನ್ನು ನಿಲ್ಲಿಸಿ, "ನಿಂತ್ಕಂಡೇ ಇದ್ದೀರಲ್ಲ ಮೇಷ್ಟ್ರಮ್ಮ, ಕುಂತ್ಕಳಿ," ಎಂದು ಚಾಪೆ ಹಾಸಿದರು. ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೊರ ಕೆಳಗಿಟ್ಟು ಒಳಗೆ ಹೋಗಿ ನೀರು ತಂದುಕೊಟ್ಟಳು. ನಾನು ಪರೀಕ್ಷೆಯ ವಿಷಯ ಹೇಳಿದೆ. ಮೈ ತನ್ನ ವಿರುದ್ಧವೇ ಮಾಡಿಕೊಳ್ಳುವ ಪ್ರತಿಕಾಯ ಎಂದಾಗ, "ಯಾಕೆ ಮಾಡ್ಕತದೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಈ ಸರ್ತಿ ನಮ್ಮ ಯಜಮಾನ್ರು ನಾನೂ ಇಬ್ರೇ ಓಯ್ತೀವಿ. ಡಾಕ್ಟ್ರು ಯಾರು ಅಂತ ಬರ್ಕೊಡಿ, ಸಾಕು."

ಬರೆದುಕೊಟ್ಟೆ. ಹಾಸನದಲ್ಲೇ ಇದ್ದ ಬೇರೊಬ್ಬ ಡಾಕ್ಟರಮ್ಮ. ಮೊದಲ ಸಲದ ಪರೀಕ್ಷೆಯಲ್ಲೇ ಪ್ರತಿಕಾಯ ಇದೆ ಎಂದು ಬಂತು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿದಾಗಲೂ ಬಂತು. ಇದನ್ನೆಲ್ಲ ನನಗೆ ಹೇಳಿದ್ದು ಅವಳ ಗಂಡ, ಸಂತೆಯ ದಿನ ದಾರಿಯಲ್ಲಿ ಸಿಕ್ಕು. ಅವಳು ಬರಲಿಲ್ಲ. ಮುಂದಿನ ಬಸಿರು ನಿಂತದ್ದು ಗೊತ್ತಾದ ದಿನದಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ, ದಿನಕ್ಕೆರಡು ಸಲ ಹೊಟ್ಟೆಯ ಚರ್ಮಕ್ಕೆ ರಕ್ತ ತೆಳುವಾಗಿಸುವ ಇಂಜೆಕ್ಷನ್ನು. ದಿನವೂ ಚನ್ನರಾಯಪಟ್ಟಣಕ್ಕೆ ಬಂದು ಚುಚ್ಚಿಸಿಕೊಳ್ಳುವುದು ಆಗದ ಮಾತು. ನನ್ನ ಗಂಡ ಒಂದು ಬೆಳಿಗ್ಗೆ ಬಾಗೂರಿಗೆ ಹೋಗಿ ಅವಳ ಗಂಡನಿಗೆ ಸೂಜಿ ಹಿಡಿಯುವುದನ್ನು ಒಂದು ಬದನೇಕಾಯಿಯ ಮೇಲೆ ಕಲಿಸಿದ. ಸೂಜಿ ಕಂಡರೆ ಬೆವರುತ್ತಿದ್ದ ಆ ಮನುಷ್ಯ ಮೊದಲ ದಿನ ಚುಚ್ಚಲಾರದೆ ನಿಂತುಬಿಟ್ಟನಂತೆ. ಅವಳೇ ಸೂಜಿ ಕಿತ್ತುಕೊಂಡು ಚುಚ್ಚಿಕೊಂಡಳಂತೆ. ಎರಡನೆಯ ವಾರದಿಂದ ಬೆಳಗಿನದು ಅವನದು, ಸಂಜೆಯದು ಅವಳದು.

ಆರನೆಯ ತಿಂಗಳಲ್ಲಿ ನಾನು ಹೋದೆ. ಈ ಸಲ ಯಾರೂ ಹೇಳಿ ಕಳಿಸದೆ, ನೆಪ ಹುಡುಕದೆ ಹೋದೆ. ಅವಳು ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಹೊಕ್ಕುಳ ಸುತ್ತ ನೀಲಿ, ಹಳದಿ, ಹಸಿರು ಬಣ್ಣದ ಕಲೆಗಳು. ನಾನು ಕೈ ಇಡಲು ಹೋಗಿ ಹಿಂದಕ್ಕೆ ತೆಗೆದುಕೊಂಡೆ. ಅವಳೇ ನನ್ನ ಕೈ ಹಿಡಿದು ಒಂದು ಪಕ್ಕಕ್ಕೆ ಇಟ್ಟಳು. ಒಳಗಿನಿಂದ ಒದೆ ಬಿತ್ತು. ಆಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗ ಸಮಾಧಾನ, ಬಂದ ಮೇಲೆ ಮತ್ತೆ ಚಡಪಡಿಕೆ.

ಎಂಟನೆಯ ತಿಂಗಳು ತುಂಬುವ ಮೊದಲೇ ಅವಳ ಕಾಲು ಊದಿಕೊಂಡು ಬಿಪಿ ಏರಿತು. ಹಾಸನದಲ್ಲಿ ಇನ್ನು ಕಾಯುವುದು ಬೇಡ ಎಂದು ಆಪರೇಷನ್ ಮಾಡಿ ಮಗುವನ್ನು ತೆಗೆದರು. ಗಂಡು ಮಗು, ಎರಡು ಕಿಲೋಗೆ ಸ್ವಲ್ಪ ಕಡಿಮೆ. ಒಂದು ವಾರ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರಬೇಕು, ಆದರೆ ಉಸಿರಾಟ ಚೆನ್ನಾಗಿದೆ ಎಂದರು. ಅವಳ ಗಂಡ ಕಾರಿಡಾರಿನಲ್ಲಿ ನೆಲದ ಮೇಲೆ ಕೂತುಬಿಟ್ಟ. ನಾನು ಮಾತ್ರ ಎಂದಿನಂತೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ.

ಜೀವಶಾಸ್ತ್ರದವರಲ್ಲವೇ, ನೋಡಿ ಎಂದು ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಟ್ರೇಯಲ್ಲಿದ್ದ ಮಾಸನ್ನು ತೋರಿಸಿದರು. ನಾನು ಅಷ್ಟು ವರ್ಷ ಪಾಠ ಮಾಡಿಯೂ ಮನುಷ್ಯರದನ್ನು ಕಣ್ಣಾರೆ ನೋಡಿರಲಿಲ್ಲ. ಸಣ್ಣ ರೊಟ್ಟಿಯಷ್ಟಗಲ, ಕಡುಗೆಂಪು. ಅಂಚಿನಲ್ಲಿ ಮೂರು ನಾಲ್ಕು ಕಡೆ ಬೆಳ್ಳಗೆ ಗಟ್ಟಿಯಾದ ತೇಪೆಗಳು. "ಇಲ್ಲೆಲ್ಲ ರಕ್ತ ನಿಂತುಹೋಗಿತ್ತು. ಉಳಿದ ಜಾಗವೇ ಇಷ್ಟು ದಿನ ಸಾಕಿದೆ," ಎಂದರು. ಆ ಬಿಳಿಯ ತೇಪೆಗಳನ್ನು ಬಹಳ ಹೊತ್ತು ನೋಡಿದೆ.

ಹೊರಗೆ ಬಾಗೂರಿನ ಅಜ್ಜಿ, ಅವಳ ಅತ್ತೆ, ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ಮಾಸನ್ನು ಮನೆಯ ಹಿಂದೆ ಹೂಳಬೇಕು, ಕೊಡಿ ಎಂದು ನರ್ಸನ್ನು ಕೇಳಿದರು. ನರ್ಸು ಒಪ್ಪಲಿಲ್ಲ. ಡಾಕ್ಟರಮ್ಮ ಒಂದು ತುಂಡನ್ನು ಪರೀಕ್ಷೆಗೆ ತೆಗೆದಿಟ್ಟುಕೊಂಡು, ಉಳಿದದ್ದನ್ನು ಕೊಟ್ಟುಬಿಡಿ ಎಂದರು. ಅವರ ಮಗ ಹೆಂಡತಿಯ ಜೊತೆ ಆಸ್ಪತ್ರೆಯಲ್ಲೇ ಉಳಿಯಬೇಕಿತ್ತು. ಅಜ್ಜಿಗೆ ಒಬ್ಬರೇ ಬಸ್ಸು ಬದಲಿಸಿ ಹೋಗುವುದು ಕಷ್ಟ. ನಾನು ಜೊತೆಗೆ ಹೊರಟೆ.

ಬಸ್ಸಿನಲ್ಲಿ ಅಜ್ಜಿ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದರು. ಕಂಡಕ್ಟರ್ ನೋಡಿ, "ಏನವ್ವ ಅದು, ಕಜ್ಜಾಯನಾ?" ಎಂದು ಕೇಳಿದ.

"ಅಲ್ಲ ಕಣಪ್ಪ. ಮೊಮ್ಮಗಂದು," ಎಂದರು ಅಜ್ಜಿ. ಅವನಿಗೆ ಅರ್ಥವಾಗಲಿಲ್ಲ, ಟಿಕೆಟ್ ಕೊಟ್ಟು ಮುಂದೆ ಹೋದ.

ಬಾಗೂರಿಗೆ ಬರುವಾಗ ಮೂರು ಗಂಟೆ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಲ ಮೆತ್ತಗಿತ್ತು. ಅಜ್ಜಿ ಗುದ್ದಲಿ ಹಿಡಿದರು, ನಾನು ಇಸಿದುಕೊಂಡು ಮೊಣಕಾಲುದ್ದ ಗುಂಡಿ ತೆಗೆದೆ. ಅಜ್ಜಿ ಡಬ್ಬಿ ಬಗ್ಗಿಸಿ, ಮೇಲೆ ಒಂದು ಹಿಡಿ ಅರಿಶಿನ ಹಾಕಿ, ಮಣ್ಣೆಳೆದು ತುಳಿದರು. ನಾಯಿ ಕೆದರದಿರಲಿ ಎಂದು ಜಾಲಿಮುಳ್ಳು ತಂದು ಮುಚ್ಚಿ, ಮೇಲೆ ಒಂದು ಚಪ್ಪಡಿ ಎಳೆದಿಟ್ಟರು. ಆಮೇಲೆ ಡಬ್ಬಿಯನ್ನು ಬೂದಿ ಹಾಕಿ ಉಜ್ಜಿ ಬಿಸಿಲಿಗೆ ಕವುಚಿದರು.

"ನಾಲ್ಕೂವರೆಗೆ ಪಟ್ಣದ ಬಸ್ ಐತೆ," ಎಂದರು. "ಅಲ್ಲೀಗಂಟ ಕುಂತಿರ್ರವ್ವ. ದನಕ್ಕೆ ನೀರು ಕುಡಿಸ್ಬುಟ್ಟು ಬತ್ತೀನಿ."